ಅಂಪೆಲೋಸನ ಬಳ್ಳಿ: ಶೋಕಕ್ಕೆ ಮರೆವು ಮದ್ದಾದೀತೇ?

ಮದ್ಯವು ಮನುಷ್ಯನ ಕೈಗೆ ಹೇಗೆ ಬಂದಿತೆಂಬುದನ್ನು ಹಲವು ಪ್ರಾಚೀನ ಜನಾಂಗಗಳು ತಮ್ಮ ತಮ್ಮ ಪುರಾಣಗಳಲ್ಲಿ ಹೇಳಿಕೊಂಡು ಬಂದಿವೆ. ಇಂತಹ ಕಥೆಗಳನ್ನು ಕೇವಲ ಮನೋರಂಜನೆಯೆಂದು ಬದಿಗಿಡುವುದು ವಿವೇಕವಲ್ಲ. ಒಂದು ಸಮಾಜವು ತಾನು ಪ್ರೀತಿಸುವ ವಸ್ತುವಿನ ಹುಟ್ಟನ್ನು ಹೇಗೆ ಕಲ್ಪಿಸಿಕೊಂಡಿತು ಎಂಬುದರಲ್ಲಿ ಆ ವಸ್ತುವಿನಿಂದ ಅದು ಏನನ್ನು ನಿರೀಕ್ಷಿಸಿತು ಎಂಬುದೂ ಅಡಗಿರುತ್ತದೆ. ಈ ದೃಷ್ಟಿಯಿಂದ ಗ್ರೀಕರ ಅಂಪೆಲೋಸನ ಕಥೆ ವಿಶೇಷ ಪರಾಮರ್ಶೆಗೆ ಅರ್ಹವಾಗಿದೆ. ಈ ಕಥೆಯಲ್ಲಿ ದ್ರಾಕ್ಷಾಮದ್ಯವು ಹಬ್ಬದ ಸಂಭ್ರಮದಲ್ಲಿ ಹುಟ್ಟುವುದಿಲ್ಲ. ಒಬ್ಬ ತರುಣನ ಸಾವಿನಿಂದ, ಅವನನ್ನು ಕಳೆದುಕೊಂಡ ದೇವತೆಯೊಬ್ಬನ ಕಣ್ಣೀರಿನಿಂದ ಹುಟ್ಟುತ್ತದೆ. ಶೋಕವನ್ನು ಕಳೆಯುವುದಕ್ಕಾಗಿಯೇ ಮದ್ಯ ಬಂದಿತು ಎಂಬುದು ಅದರ ಸಾರ. ಈ ಮಾತನ್ನು ಗ್ರೀಕ್ ಪುರಾಣವನ್ನು ಎಂದೂ ಓದದವರೂ ಇಂದಿಗೂ ನಂಬಿಕೊಂಡಿರುವುದರಿಂದ ಇದರ ವಿಚಾರ ನಮಗೆ ದೂರದ್ದಲ್ಲ.

ಗ್ರೀಕ್ ಭಾಷೆಯಲ್ಲಿ ‘ಅಂಪೆಲೋಸ್’ ಎಂದರೆ ದ್ರಾಕ್ಷಿಯ ಬಳ್ಳಿ. ಕಥೆಯ ಅಂಪೆಲೋಸನು ಒಬ್ಬ ಸ್ಯಾಟಿರ್. ಸ್ಯಾಟಿರರೆಂದರೆ ಅರ್ಧ ಮನುಷ್ಯರೂಪದ, ಮೃಗದ ಕಿವಿಬಾಲಗಳುಳ್ಳ ಅರಣ್ಯವಾಸಿಗಳು. ಮದ್ಯದೇವತೆಯಾದ ಡಯೊನೈಸಸನ ಪರಿವಾರದವರು. ಕುಣಿತ, ಕೊಳಲು, ಕಾಮಗಳಲ್ಲಿ ಮುಳುಗಿದವರು. ಅಂಪೆಲೋಸನು ಇವರಲ್ಲಿ ಅತ್ಯಂತ ಸುಂದರನಾದ ತರುಣ, ಡಯೊನೈಸಸನಿಗೆ ಪ್ರಾಣಪ್ರಿಯನಾದವನು.

ಈ ಕಥೆ ಎರಡು ಕಾವ್ಯಗಳಲ್ಲಿ ಎರಡು ರೂಪಗಳಲ್ಲಿ ದೊರೆಯುತ್ತದೆ. ರೋಮಿನ ಕವಿ ಓವಿಡನು ಕ್ರಿಸ್ತಶಕದ ಆರಂಭದ ವರ್ಷಗಳಲ್ಲಿ ರಚಿಸಿದ ‘ಫಾಸ್ಟಿ’ ಎಂಬ ಪಂಚಾಂಗಕಾವ್ಯದ ಮೂರನೆಯ ಭಾಗದಲ್ಲಿ ಇದನ್ನು ಕೆಲವೇ ಪಂಕ್ತಿಗಳಲ್ಲಿ ಹೇಳಿ ಮುಗಿಸುತ್ತಾನೆ. ದೇವತೆಯು ಎಲ್ಮ್ ಮರಕ್ಕೆ ಹಬ್ಬಿದ್ದ ಬಳ್ಳಿಯೊಂದನ್ನು ಅಂಪೆಲೋಸನಿಗೆ ಕೊಡುತ್ತಾನೆ; ಹುಡುಗನು ಕೊಂಬೆಯೇರಿ ಹಣ್ಣು ಕೀಳುವಾಗ ಬಿದ್ದು ಸಾಯುತ್ತಾನೆ; ದೇವತೆ ಅವನನ್ನು ನಕ್ಷತ್ರವಾಗಿ ಆಕಾಶಕ್ಕೆ ಏರಿಸುತ್ತಾನೆ. ಕನ್ಯಾರಾಶಿಯಲ್ಲಿರುವ, ‘ದ್ರಾಕ್ಷಿ ಕೊಯ್ಯುವವಳು’ ಎಂಬ ಅರ್ಥದ ವಿಂಡೆಮಿಯಾಟ್ರಿಕ್ಸ್ ಎಂಬ ಹೆಸರಿನ ತಾರೆಯೇ ಅದು. ಈ ರೂಪದಲ್ಲಿ ಬಳ್ಳಿ ಮೊದಲು, ಸಾವು ಅನಂತರ. ಹಣ್ಣಿನ ಆಸೆಯಿಂದ ಬಿದ್ದವನ ಕಥೆ ಇದು. ಇದರಲ್ಲಿ ಸಾಂತ್ವನದ ವಿಚಾರವಿಲ್ಲ.

ಸುಮಾರು ನಾಲ್ಕು ಶತಮಾನಗಳ ಬಳಿಕ, ಕ್ರಿ.ಶ. 5ನೆಯ ಶತಮಾನದಲ್ಲಿ, ಈಜಿಪ್ಟಿನ ಪನೊಪೊಲಿಸ್ ನಗರದ ನೊನ್ನಸ್ ಕವಿಯು ಈ ಸಣ್ಣ ಕಥೆಯನ್ನು ಹಿಗ್ಗಿಸಿ, ತಿರುಗಿಸಿ, ಅದಕ್ಕೆ ಹೊಸ ಅರ್ಥವನ್ನು ತುಂಬಿದನು. ಅವನ ‘ಡಯೊನೈಸಿಯಾಕ’ 48 ಸರ್ಗಗಳ, ಇಪ್ಪತ್ತೊಂದು ಸಾವಿರದಷ್ಟು ಪಂಕ್ತಿಗಳ ಮಹಾಕಾವ್ಯ. ಗ್ರೀಕ್ ಪ್ರಾಚೀನ ಕಾವ್ಯಗಳಲ್ಲಿ ಇಂದಿಗೆ ಉಳಿದಿರುವ ಅತ್ಯಂತ ದೀರ್ಘ ಕೃತಿ. ಡಬ್ಲ್ಯು. ಎಚ್. ಡಿ. ರೌಸ್ ಅವರ ಇಂಗ್ಲಿಷ್ ಗದ್ಯಾನುವಾದವು 1940ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಮೇಲೆ ಇದು ಗ್ರೀಕ್ ಅರಿಯದವರ ಕೈಗೂ ಎಟುಕಿತು. ಅಂಪೆಲೋಸನ ಕಥೆ ಇದರ 10, 11 ಮತ್ತು 12ನೆಯ ಸರ್ಗಗಳಲ್ಲಿದೆ. ಈ ಲೇಖನದ ವಿಮರ್ಶೆಗೆ ವಿಷಯವಾದುದು ನೊನ್ನಸನ ಈ ರೂಪವೇ.

ಕಾವ್ಯದ ಮೂಲಪ್ರಶ್ನೆ

ನೊನ್ನಸನನ್ನು ಮದ್ಯದ ಸ್ತುತಿಪಾಠಕನೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯವಾಗುತ್ತದೆ. ಅವನ ಕಾವ್ಯವು ಒಂದು ಗಂಭೀರವಾದ ಪ್ರಶ್ನೆಯನ್ನು ಎತ್ತಿಕೊಂಡಿದೆ. ಏಳನೆಯ ಸರ್ಗದ ಆರಂಭದಲ್ಲಿ ಕಾಲಪುರುಷನಾದ ಐಯೋನ್ ದೇವರಾಜ ಸ್ಯೂಸನ ಮುಂದೆ ನಿಂತು ಮನುಷ್ಯರ ಪರವಾಗಿ ಮೊರೆಯಿಡುತ್ತಾನೆ. ಮನುಷ್ಯನ ಬಾಳು ಚಿಂತೆಯಿಂದ ತುಂಬಿದೆ, ದುಃಖಕ್ಕೆ ಔಷಧಿಯೇ ಇಲ್ಲ. ಪ್ರಮಿಥಿಯಸನು ಸ್ವರ್ಗದಿಂದ ಬೆಂಕಿಯನ್ನು ಕದಿಯುವ ಬದಲು ಅಮೃತವನ್ನು ಕದ್ದು ತಂದಿದ್ದರೆ ಒಳಿತಾಗುತ್ತಿತ್ತು ಎಂಬುದು ಅವನ ಅಳಲು. ಆಗ ಸ್ಯೂಸನು ತನಗೊಬ್ಬ ಮಗ ಹುಟ್ಟುವನೆಂದೂ, ಅವನು ದ್ರಾಕ್ಷಾರಸದಿಂದ ಮನುಷ್ಯರ ದುಃಖವನ್ನು ಕಳೆಯುವನೆಂದೂ ಮಾತು ಕೊಡುತ್ತಾನೆ.

ಸಂಸಾರವು ದುಃಖಮಯವೆಂಬ ಈ ನಿದಾನವನ್ನು ಧರ್ಮಶಾಸ್ತ್ರಗಳನ್ನು ಬಲ್ಲ ಯಾರೂ ನಿರಾಕರಿಸಲಾರರು. ರೋಗವನ್ನು ಗುರುತಿಸುವಲ್ಲಿ ಗ್ರೀಕ್ ಕವಿಗೂ ನಮ್ಮ ಆಚಾರ್ಯರಿಗೂ ಭೇದವಿಲ್ಲ. ಭೇದವಿರುವುದು ಚಿಕಿತ್ಸೆಯಲ್ಲಿ. ಆದುದರಿಂದಲೇ ಈ ಕಾವ್ಯವನ್ನು ಹೊರಗಿನ ಅಳತೆಗೋಲಿನಿಂದ ಅಳೆಯದೆ, ಅದು ತಾನೇ ಕೊಟ್ಟ ಮಾತನ್ನು ತಾನು ಉಳಿಸಿಕೊಂಡಿದೆಯೇ ಎಂದು ನೋಡುವುದು ನ್ಯಾಯವಾದ ಕ್ರಮ.

ಸಾವು ಮತ್ತು ಬಳ್ಳಿ

ಲಿಡಿಯಾ ದೇಶದ ಪ್ಯಾಕ್ಟೋಲಸ್ ನದಿಯ ತೀರದಲ್ಲಿ ಡಯೊನೈಸಸನೂ ಅಂಪೆಲೋಸನೂ ಮಲ್ಲಯುದ್ಧ, ಓಟ, ಈಜುಗಳಲ್ಲಿ ದಿನಗಳನ್ನು ಕಳೆಯುತ್ತಾರೆ. ಪಂದ್ಯಗಳಲ್ಲಿ ದೇವತೆಯೇ ಬೇಕೆಂದು ಸೋತು ಗೆಳೆಯನನ್ನು ಗೆಲ್ಲಿಸುತ್ತಾನೆ. ಹೊಗಳಿಕೆಯಿಂದ ಉಬ್ಬಿದ ಹುಡುಗನು ಕಾಡುಮೃಗಗಳ ಮೇಲೆ ಸವಾರಿ ಮಾಡತೊಡಗುತ್ತಾನೆ. ಕೊಂಬುಳ್ಳ ಸರ್ಪವೊಂದು ಜಿಂಕೆಯ ಮರಿಯನ್ನು ಹೊತ್ತು ತಂದು ಕಲ್ಲಿನ ಬಲಿಪೀಠದ ಮೇಲೆ ಕೆಡಹುವ ಅಪಶಕುನವನ್ನು ಡಯೊನೈಸಸನು ಕಂಡು, ಬೇರೆ ಮೃಗಗಳಿಗೆ ಅಂಜಬೇಕಿಲ್ಲ, ಕೊಂಬಿನ ಗೂಳಿಯೊಂದರ ವಿಷಯದಲ್ಲಿ ಎಚ್ಚರದಿಂದಿರು ಎಂದು ಹೇಳುತ್ತಾನೆ.

ಇಲ್ಲಿ ಕವಿಯು ‘ಆಟೆ’ ಎಂಬ ದೇವತೆಯನ್ನು ತರುತ್ತಾನೆ. ಆಟೆ ಎಂದರೆ ಬುದ್ಧಿಭ್ರಮೆಯ ಅಧಿದೇವತೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮೋಹದ ಮೂರ್ತಿ. ಅವಳು ಗೆಳೆಯನೊಬ್ಬನ ವೇಷದಲ್ಲಿ ಬಂದು ಗೂಳಿಯನ್ನು ಏರುವಂತೆ ಅಂಪೆಲೋಸನನ್ನು ಪುಸಲಾಯಿಸುತ್ತಾಳೆ. ಅವನು ಗೂಳಿಯನ್ನು ಹೂಗಳಿಂದ ಸಿಂಗರಿಸಿ ಏರುತ್ತಾನೆ. ಏರಿದವನು ಸುಮ್ಮನಿರದೆ, ಗೂಳಿಗಳನ್ನು ಓಡಿಸುವ ಚಂದ್ರದೇವತೆ ಸೆಲೀನಿಯನ್ನು ನೋಡಿ, ತನಗೂ ಕೊಂಬುಗಳಿವೆ, ತಾನೂ ಗೂಳಿಯ ಸವಾರ ಎಂದು ಕೊಚ್ಚಿಕೊಳ್ಳುತ್ತಾನೆ. ಅವಳು ಕಳುಹಿಸಿದ ಕಚ್ಚುನೊಣದಿಂದ ಹುಚ್ಚೆದ್ದ ಗೂಳಿ ಅವನನ್ನು ಬೆಟ್ಟದ ಮೇಲೆ ಕೆಡವಿ ಕೊಲ್ಲುತ್ತದೆ.

ಎಂದೂ ಅಳದ ದೇವತೆ ಅಳುತ್ತಾನೆ. ಶವಕ್ಕೆ ಜಿಂಕೆಯ ಚರ್ಮವನ್ನು ಹೊದಿಸುತ್ತಾನೆ, ಹೂಗಳನ್ನು ಚೆಲ್ಲುತ್ತಾನೆ. ಗೆಳೆಯನೊಡನೆ ಸಾಯಲು ತನಗೆ ಮರಣವಿಲ್ಲವಲ್ಲ ಎಂಬುದು ಅವನ ದುಃಖ. ಈ ಭಾಗದಲ್ಲಿ ನೊನ್ನಸನ ಕಾವ್ಯಶಕ್ತಿಯನ್ನು ಒಪ್ಪದಿರುವುದು ಸಾಧ್ಯವಿಲ್ಲ. ಅನಂತರ ವಿಧಿಯ ದೇವತೆ ಆಟ್ರೊಪಸ್ ವಾಣಿಯನ್ನು ನುಡಿಯುತ್ತಾಳೆ: ಡಯೊನೈಸಸನು ಅತ್ತದ್ದು ಮನುಷ್ಯರ ಕಣ್ಣೀರನ್ನು ಒರೆಸುವುದಕ್ಕಾಗಿ. ಅಷ್ಟರಲ್ಲಿ ಶವವು ರೂಪಾಂತರ ಹೊಂದುತ್ತದೆ. ಒಡಲು ಕಾಂಡವಾಗುತ್ತದೆ, ಪಾದಗಳು ಬೇರೂರುತ್ತವೆ, ಬೆರಳುಗಳು ಕುಡಿಗಳಾಗುತ್ತವೆ, ಕೂದಲು ಗೊಂಚಲಾಗುತ್ತದೆ. ಡಯೊನೈಸಸನು ಹಣ್ಣನ್ನು ಕಿತ್ತು ಅಂಗೈಯಲ್ಲಿ ಹಿಂಡುತ್ತಾನೆ. ಬಿಳಿಯ ಬೆರಳುಗಳು ಕೆಂಪಾಗುತ್ತವೆ. ಬಾಗಿದ ಎತ್ತಿನ ಕೊಂಬೇ ಬಟ್ಟಲಾಗುತ್ತದೆ. ಕುಡಿದವನ ಶೋಕ ಮಾಯವಾಗುತ್ತದೆ. ಧಾನ್ಯಕ್ಕಿಂತ, ಆಲಿವ್‌ಗಿಂತ ತನ್ನ ಬಳ್ಳಿಯೇ ಮಿಗಿಲೆಂದು ಅವನು ಹಿಗ್ಗುತ್ತಾನೆ.

ಸಾಂತ್ವನದ ಸ್ವರೂಪ

ಈ ಪ್ರಸಂಗವನ್ನು ನಿಧಾನವಾಗಿ ಓದಿದರೆ ಕವಿಯ ಘೋಷಣೆಗೂ ಅವನು ಬಿಡಿಸಿದ ಚಿತ್ರಕ್ಕೂ ಹೊಂದಾಣಿಕೆಯಿಲ್ಲದಿರುವುದು ಕಾಣುತ್ತದೆ. ಗೆಳೆಯನ ಪ್ರಾಣವನ್ನು ತೆಗೆದದ್ದು ಗೂಳಿಯ ಕೊಂಬು. ಶೋಕವನ್ನು ಕಳೆಯುವ ಪಾತ್ರೆಯೂ ಕೊಂಬೇ. ಬೆರಳನ್ನು ಕೆಂಪಾಗಿಸಿದ ರಸವು ಗೆಳೆಯನ ದೇಹದಿಂದಲೇ ಬಂದದ್ದು. ಪ್ರೀತಿಸಿದವನನ್ನು ಹಿಂಡಿ, ಕುಡಿದು, ಆ ಕುಡಿತದಿಂದಲೇ ಅವನ ನೆನಪಿನ ನೋವನ್ನು ಕಳೆದುಕೊಳ್ಳುವ ಈ ವಿಧಾನವನ್ನು ಸ್ಮರಣೆಯೆನ್ನುವುದು ಕಷ್ಟ. ಅಂಪೆಲೋಸನ ಹೆಸರು ಬಳ್ಳಿಯಲ್ಲಿ ಉಳಿಯಿತು, ನಿಜ. ಆದರೆ ಅಂಪೆಲೋಸನಿಗಾಗಿ ಅಳುವವರು ಉಳಿಯಲಿಲ್ಲ.

ಇನ್ನೂ ಒಂದು ಅಂಶವಿದೆ. ಅಂಪೆಲೋಸನು ಸತ್ತದ್ದು ಆಟೆಯ ಮೋಹದಿಂದ, ಮದದ ಮಾತಿನಿಂದ. ಅವನ ಸಾವಿನಿಂದ ಹುಟ್ಟಿದ ರಸವು ಲೋಕಕ್ಕೆ ಹಂಚುವುದೂ ಅದೇ ಮೋಹವನ್ನು, ಅದೇ ಮದವನ್ನು. ರೋಗದ ಬೀಜವನ್ನೇ ಔಷಧಿಯೆಂದು ಹಂಚಿದಂತಾಯಿತು. ಆ ಸರ್ಗದ ಉತ್ತರಭಾಗದಲ್ಲಿಯೇ ರಸ ಕುಡಿದ ಸ್ಯಾಟಿರರು ಅಮಲೇರಿ ನೆಲೆತಪ್ಪಿ ಕುಣಿಯುವ ವರ್ಣನೆ ಬರುತ್ತದೆ. ಅಲ್ಲಿ ಅಂಪೆಲೋಸನನ್ನು ಯಾರೂ ನೆನೆಯುವುದಿಲ್ಲ.

ಮದ್ಯಕ್ಕಿಂತ ಮೊದಲು ಡಯೊನೈಸಸನಿಗೆ ಮತ್ತೊಂದು ಸಾಂತ್ವನ ದೊರೆತಿತ್ತೆಂಬುದನ್ನೂ ಗಮನಿಸಬೇಕು. 11ನೆಯ ಸರ್ಗದಲ್ಲಿ ಕಾಮದೇವತೆ ಈರೋಸನು ಮುದಿ ಸೈಲೀನಸನ ರೂಪದಲ್ಲಿ ಬಂದು, ಗೆಳೆಯ ಕಾರ್ಪೊಸ್ ನೀರಿನಲ್ಲಿ ಮುಳುಗಿ ಸತ್ತಾಗ ತಾನೂ ನದಿಗೆ ಬಿದ್ದು ಜೊಂಡಾದ ಕಾಲಮೊಸನ ಕಥೆಯನ್ನು ಹೇಳಿ, ಹಳೆಯ ಪ್ರೀತಿಯನ್ನು ಹೊಸ ಪ್ರೀತಿಯಿಂದ ಮರೆ ಎಂದು ಉಪದೇಶಿಸುತ್ತಾನೆ. ಒಂದು ಕಡೆ ಹೊಸ ರಾಗ, ಇನ್ನೊಂದು ಕಡೆ ಮದಿರೆ. ಎರಡೂ ಮರೆವಿನ ಉಪಾಯಗಳೇ ಹೊರತು ಶೋಕವನ್ನು ಅರ್ಥಮಾಡಿಕೊಳ್ಳುವ ಉಪಾಯಗಳಲ್ಲ.

ಕಾವ್ಯವೇ ನುಡಿಯುವ ಸಾಕ್ಷ್ಯ

ಮದ್ಯವು ಕಣ್ಣೀರನ್ನು ಒರೆಸುತ್ತದೆಂಬ ಆಟ್ರೊಪಸಳ ವಾಣಿ 12ನೆಯ ಸರ್ಗದಲ್ಲಿದೆ. ಅದರ ಮುಂದಿನ ಸರ್ಗಗಳಲ್ಲಿ ನಡೆಯುವುದೇನು?

13ನೆಯ ಸರ್ಗದಿಂದ 40ನೆಯ ಸರ್ಗದವರೆಗೆ ಡಯೊನೈಸಸನು ಭಾರತೀಯರ ಮೇಲೆ ನಡೆಸುವ ಯುದ್ಧದ ವರ್ಣನೆ. ಈ ಭಾರತವು ಕವಿಯ ಕಲ್ಪನೆಯದು. ಅದರ ರಾಜ ಡೆರಿಯಾಡೀಸನೂ ಹಾಗೆಯೇ. ಯುದ್ಧದ ಆರಂಭದಲ್ಲಿ ಡಯೊನೈಸಸನು ಒಂದು ಸರೋವರದ ನೀರನ್ನು ಮದ್ಯವನ್ನಾಗಿ ಮಾಡುತ್ತಾನೆ. ಭಾರತೀಯ ಸೈನಿಕರು ಅದನ್ನು ಕುಡಿದು, ಮತ್ತರಾಗಿ ಅಡ್ಡಾದಿಡ್ಡಿ ಓಡಾಡಿ, ಕೊನೆಗೆ ನಿದ್ರೆಗೆ ಬೀಳುತ್ತಾರೆ. ಮಲಗಿದವರನ್ನು ಅವನ ಪಡೆ ಹೆಡೆಮುರಿಗೆ ಕಟ್ಟುತ್ತದೆ. ಶೋಕನಿವಾರಕವಾದ ಪಾನೀಯವು ಎರಡೇ ಸರ್ಗಗಳ ಅಂತರದಲ್ಲಿ ಯುದ್ಧದ ಆಯುಧವಾಯಿತು.

16ನೆಯ ಸರ್ಗದ ಪ್ರಸಂಗ ಇದಕ್ಕಿಂತ ದಾರುಣ. ನೈಸೀಯ ಎಂಬ ವನಕನ್ಯೆ ವಿವಾಹವನ್ನು ಒಲ್ಲದವಳು. ಅವಳನ್ನು ಬಯಸಿದ ಡಯೊನೈಸಸನು ಅವಳು ಕುಡಿಯುವ ನೀರನ್ನು ಮದ್ಯವನ್ನಾಗಿಸುತ್ತಾನೆ. ಬಾಯಾರಿ ಬಂದ ಅವಳು ಕುಡಿದು ಎಚ್ಚರ ತಪ್ಪಿ ಮಲಗಿದಾಗ ಅವಳ ಶೀಲವನ್ನು ಅಪಹರಿಸುತ್ತಾನೆ. 48ನೆಯ ಸರ್ಗದಲ್ಲಿ ಔರಾ ಎಂಬ ಮತ್ತೊಬ್ಬ ಕನ್ಯೆಗೂ ಇದೇ ಗತಿ. ಅವಳು ಹುಚ್ಚಿಯಾಗಿ, ತಾನು ಹೆತ್ತ ಅವಳಿ ಮಕ್ಕಳಲ್ಲಿ ಒಂದನ್ನು ಕೊಂದು, ಸ್ಯಾಂಗೇರಿಯಸ್ ನದಿಗೆ ಹಾರುತ್ತಾಳೆ. ಮಹಾಕಾವ್ಯವು ತನ್ನ ಕೊನೆಯ ಸರ್ಗದಲ್ಲಿ ಕೊಡುವ ಚಿತ್ರವಿದು.

47ನೆಯ ಸರ್ಗದಲ್ಲಿ ಇಕೇರಿಯಸನ ಕಥೆಯಿದೆ. ಅವನು ಅಥೆನ್ಸಿನ ಸೀಮೆಯ ಬಡ ರೈತ, ಅತಿಥಿಸತ್ಕಾರದಲ್ಲಿ ಶ್ರದ್ಧೆಯುಳ್ಳವನು. ತನ್ನ ಮನೆಗೆ ಬಂದ ದೇವತೆಯಿಂದ ಮದ್ಯವನ್ನು ವರವಾಗಿ ಪಡೆದು ನೆರೆಯ ರೈತರಿಗೆ ಹಂಚುತ್ತಾನೆ. ಕುಡಿದವರು ಬುದ್ಧಿಗೆಟ್ಟು, ತಮಗೆ ವಿಷವಿಕ್ಕಿದನೆಂದು ಅವನನ್ನೇ ಕೊಲ್ಲುತ್ತಾರೆ. ಅಮಲಿಳಿದಾಗ ಪಶ್ಚಾತ್ತಾಪಪಟ್ಟು ಅವನನ್ನು ಹೂಳುತ್ತಾರೆ. ಮಗಳು ಎರಿಗೊನಿ ತಂದೆಯನ್ನು ಹುಡುಕಿ ಕಾಡು ಅಲೆದು, ಕೊನೆಗೆ ಮರಕ್ಕೆ ನೇಣು ಹಾಕಿಕೊಳ್ಳುತ್ತಾಳೆ. ಎರಿಗೊನಿಗೂ ಆಕಾಶದಲ್ಲಿ ದೊರೆತ ಸ್ಥಾನ ಕನ್ಯಾರಾಶಿಯೇ. ಓವಿಡನ ಅಂಪೆಲೋಸನ ತಾರೆ ಇರುವುದೂ ಅಲ್ಲಿಯೇ. ಮದ್ಯದ ಹುಟ್ಟಿನಲ್ಲಿ ಸತ್ತವನೂ ಮದ್ಯದ ಹಂಚಿಕೆಯಿಂದ ಅನಾಥಳಾಗಿ ಸತ್ತವಳೂ ಗ್ರೀಕ್ ರೋಮನರ ಆಕಾಶದಲ್ಲಿ ಒಂದೇ ಕಡೆ ಬೆಳಗುತ್ತಾರೆ.

ಹೀಗೆ ಸೈನಿಕರು, ಕನ್ಯೆಯರು, ಅತಿಥಿವತ್ಸಲನಾದ ರೈತ, ಅವನ ಮಗಳು, ಎಲ್ಲರೂ ಕಾವ್ಯದ ಘೋಷಣೆಗೆ ವಿರುದ್ಧವಾಗಿ ಸಾಕ್ಷ್ಯ ನುಡಿಯುತ್ತಾರೆ. ಒಬ್ಬ ದೇವತೆಯ ಕಣ್ಣೀರು ಒಣಗಿತು. ಅದಕ್ಕೆ ಪ್ರತಿಯಾಗಿ ಎಷ್ಟೋ ಮಂದಿಯ ಕಣ್ಣೀರು ಹರಿಯಿತು. ಕವಿಯು ಇದನ್ನು ಉದ್ದೇಶಪೂರ್ವಕವಾಗಿ ತೋರಿಸಿದನೇ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಆದರೆ ಅವನು ಇದನ್ನು ಮರೆಮಾಚಲಿಲ್ಲ. ಇದು ಕವಿಯ ಪ್ರಾಮಾಣಿಕತೆ, ಕಾವ್ಯದ ಬೆಲೆಯೂ ಇದರಲ್ಲಿಯೇ ಇದೆ. ಇಂತಹ ಕೃತಿಯನ್ನು ನೀತಿಯ ಹೆಸರಿನಲ್ಲಿ ದೂರವಿಡುವವರು ಅದರಲ್ಲಿರುವ ನೀತಿಯನ್ನೂ ಕಳೆದುಕೊಳ್ಳುತ್ತಾರೆ. ಸೌಂದರ್ಯದ ಹೆಸರಿನಲ್ಲಿ ಅಂಪೆಲೋಸನ ರೂಪಾಂತರವೊಂದನ್ನೇ ಬಿಡಿಸಿಕೊಂಡು ಮೆಚ್ಚುವವರು ನೈಸೀಯಳನ್ನೂ ಇಕೇರಿಯಸನನ್ನೂ ಮರೆಯುತ್ತಾರೆ.

ಮಿತವಾಗಿ ಕುಡಿದರೆ ದೋಷವಿಲ್ಲವೆಂಬ ವಾದ ಗ್ರೀಕರಲ್ಲಿಯೂ ಇತ್ತು. ಅವರು ಮದ್ಯಕ್ಕೆ ನೀರು ಬೆರೆಸಿ ಕುಡಿಯುತ್ತಿದ್ದರು. ಕ್ರಿ.ಪೂ. 4ನೆಯ ಶತಮಾನದ ನಾಟಕಕಾರ ಯೂಬುಲಸನ ಒಂದು ತುಣುಕಿನಲ್ಲಿ ಡಯೊನೈಸಸನೇ ವಿವೇಕಿಗಳಿಗೆ ಮೂರು ಕೊಪ್ಪರಿಗೆಗಳ ಮಿತಿಯನ್ನು ವಿಧಿಸಿ, ನಾಲ್ಕನೆಯದು ತನ್ನದಲ್ಲ, ಉದ್ಧಟತನದ್ದು ಎಂದು ಕೈತೊಳೆದುಕೊಳ್ಳುತ್ತಾನೆ. ಆದರೆ ಮಿತಿಯನ್ನು ಅರಿಯಬೇಕಾದ ಬುದ್ಧಿಯನ್ನೇ ಮೊದಲು ಮಂಕುಮಾಡುವ ವಸ್ತುವಿಗೆ ಮಿತಿಯನ್ನು ಕಾಯುವವರು ಯಾರು? ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಹಾಕಿಕೊಟ್ಟ ಕ್ರಮ ಇದನ್ನೇ ತಿಳಿಸುತ್ತದೆ: ಮದ್ಯದಿಂದ ಮನಸ್ಸಿಗೆ ಮೋಹ, ಮೋಹದಿಂದ ಧರ್ಮದ ವಿಸ್ಮೃತಿ, ವಿಸ್ಮೃತಿಯಿಂದ ಅಳುಕಿಲ್ಲದ ಹಿಂಸೆ. ಇಕೇರಿಯಸನನ್ನು ಕೊಂದ ರೈತರು ಸ್ವಭಾವತಃ ಕೊಲೆಗಡುಕರಲ್ಲ. ಆಚಾರ್ಯರು ಹೇಳಿದ ಮೂರು ಮೆಟ್ಟಿಲುಗಳನ್ನು ಅವರು ಒಂದೇ ಸಂಜೆಯಲ್ಲಿ ಇಳಿದರು. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಜನವರಿಯಲ್ಲಿ ಮದ್ಯಸೇವನೆಯ ಯಾವ ಪ್ರಮಾಣವೂ ಆರೋಗ್ಯಕ್ಕೆ ನಿರಪಾಯವೆನ್ನಲಾಗದೆಂದು ಸಾರಿದೆ; 2019ರ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 26 ಲಕ್ಷ ಮರಣಗಳಿಗೆ ಮದ್ಯವು ಕಾರಣವಾಯಿತೆಂದು ಅದರ 2024ರ ವರದಿ ಲೆಕ್ಕ ಕೊಟ್ಟಿದೆ.

ಬಲರಾಮನ ಶೋಕ

ಗ್ರೀಕ್ ಕಥೆಯ ಪಕ್ಕದಲ್ಲಿ ಇಟ್ಟು ನೋಡಬಹುದಾದ ಪ್ರಸಂಗವೊಂದು ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ರಚಿಸಿದ ‘ಹರಿವಂಶಪುರಾಣ’ದಲ್ಲಿದೆ. ಅಲ್ಲಿಯೂ ಮದ್ಯವಿದೆ, ಪ್ರಾಣಪ್ರಿಯನ ಸಾವಿದೆ, ದಿವ್ಯಪುರುಷನ ಶೋಕವಿದೆ. ಮದ್ಯದಿಂದ ದ್ವಾರಕೆಗೆ ನಾಶವೆಂದು ನೇಮಿನಾಥ ತೀರ್ಥಂಕರರಿಂದ ತಿಳಿದಮೇಲೆ ನಗರದ ಮದ್ಯವನ್ನೆಲ್ಲ ಕದಂಬವನದಲ್ಲಿ ಚೆಲ್ಲಲಾಯಿತು. ವನಕ್ರೀಡೆಗೆ ಹೋದ ಯಾದವ ಕುಮಾರರು ಬಾಯಾರಿ, ಕುಂಡಗಳಲ್ಲಿ ನಿಂತಿದ್ದ ಅದನ್ನು ನೀರೆಂದು ಕುಡಿದು, ಮತ್ತರಾಗಿ ದ್ವೀಪಾಯನ ಮುನಿಯ ಮೇಲೆ ಕಲ್ಲೆಸೆದರು. ಅವನ ಕ್ರೋಧದಲ್ಲಿ ದ್ವಾರಕೆ ಬೆಂದುಹೋಯಿತು. ಉಳಿದವರು ಕೃಷ್ಣ, ಬಲರಾಮರಿಬ್ಬರೇ. ತಮ್ಮನಿಗೆ ನೀರು ತರಲು ಬಲರಾಮನು ಹೋಗಿದ್ದಾಗ ಜರತ್ಕುಮಾರನ ಬಾಣ ಕೃಷ್ಣನಿಗೆ ನಾಟಿತು. ನೀರು ತಂದವನು ಕಂಡದ್ದು ಶವವನ್ನು.

ಬಲರಾಮನು ಆ ಸಾವನ್ನು ಒಪ್ಪಲಿಲ್ಲ. ತಮ್ಮನು ಮಲಗಿದ್ದಾನೆಂದೇ ಭಾವಿಸಿ ಆರು ತಿಂಗಳು ಶವವನ್ನು ಹೊತ್ತು ಅಲೆದನು. ಶೋಕದ ಉನ್ಮಾದವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಚಿತ್ರಿಸಿದ ಪ್ರಸಂಗಗಳು ಅಪರೂಪ. ಡಯೊನೈಸಸನ ಕಣ್ಣೀರಿಗಿಂತ ಈ ದುಃಖ ಕಿರಿದಲ್ಲ. ಆದರೆ ಇಲ್ಲಿ ಶವವು ಬಳ್ಳಿಯಾಗುವುದಿಲ್ಲ. ಹಿಂದೆ ಅವನ ಸಾರಥಿಯಾಗಿದ್ದ ಸಿದ್ಧಾರ್ಥನು ದೇವನಾಗಿ ಬಂದು, ಹೋದ ಜೀವವು ಮರಳಿ ಬಾರದೆಂಬುದನ್ನು ದೃಷ್ಟಾಂತಗಳಿಂದ ಮನಗಾಣಿಸುತ್ತಾನೆ. ಬಲರಾಮನು ತಮ್ಮನಿಗೆ ಸಂಸ್ಕಾರ ಮಾಡಿ ದೀಕ್ಷೆ ವಹಿಸುತ್ತಾನೆ. ಅವನು ತಮ್ಮನನ್ನು ಮರೆಯಲಿಲ್ಲ. ತಮ್ಮನು ತೀರಿಹೋದನೆಂಬುದನ್ನು ತಿಳಿದುಕೊಂಡನು. ಒಂದು ಕಥೆಯಲ್ಲಿ ಪ್ರಜ್ಞೆಯನ್ನು ಮಸುಕುಮಾಡಿ ನೋವನ್ನು ನಿಲ್ಲಿಸಲಾಯಿತು. ಇನ್ನೊಂದರಲ್ಲಿ ಮಸುಕಾಗಿದ್ದ ಪ್ರಜ್ಞೆಯನ್ನು ಎಚ್ಚರಿಸಿ ನೋವನ್ನು ದಾಟಿಸಲಾಯಿತು. ಅನಿತ್ಯ, ಅಶರಣ ಮೊದಲಾದ ಅನುಪ್ರೇಕ್ಷೆಗಳ ಪ್ರಯೋಜನವೂ ಇದೇ.

ಸಿದ್ಧಾರ್ಥನು ಮಾಡಿದ ಕೆಲಸದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವನು ಶೋಕಿಸುವವನನ್ನು ಗದರಿಸಲಿಲ್ಲ, ಒಂಟಿಯಾಗಿಯೂ ಬಿಡಲಿಲ್ಲ. ಅವನಿದ್ದ ಕಾಡಿಗೇ ಹೋಗಿ ಜೊತೆಗೆ ನಿಂತನು. ಇಂದು ಮಗನನ್ನೋ ಮಡದಿಯನ್ನೋ ಕಳೆದುಕೊಂಡು ಸಂಜೆಯ ಹೊತ್ತಿಗೆ ಬಟ್ಟಲಿನ ಕಡೆಗೆ ಕೈಚಾಚುವವನು ಸ್ವಭಾವದಿಂದ ವ್ಯಸನಿಯಾಗಿರಬೇಕೆಂದಿಲ್ಲ. ಸ್ವಲ್ಪ ಕುಡಿದರೆ ಮನಸ್ಸಿಗೆ ಹಗುರವಾಗುತ್ತದೆ ಎನ್ನುವ ಗೆಳೆಯನು ಅವನ ಬಳಿಗೆ ಮೊದಲು ಬಂದಿರುತ್ತಾನೆ. ಸಿದ್ಧಾರ್ಥನು ಬರುವುದು ತಡವಾಗಿರುತ್ತದೆ. ಮದ್ಯತ್ಯಾಗವು ಶ್ರಾವಕರ ಮೂಲಗುಣಗಳಲ್ಲಿ ಒಂದೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಕುಟುಂಬಗಳೂ, ಪರ್ವದಿನಗಳಲ್ಲಿ ವ್ಯಸನಮುಕ್ತಿಯ ಉಪನ್ಯಾಸಗಳನ್ನು ಏರ್ಪಡಿಸುವ ಬಸದಿಗಳ ಆಡಳಿತ ಮಂಡಲಿಗಳೂ ಇದನ್ನು ಆಲೋಚಿಸಬೇಕು. ಸೂತಕದ ದಿನಗಳು ಕಳೆದು ಬಂಧುಗಳೆಲ್ಲ ಊರಿಗೆ ಮರಳಿದ ಮೇಲೆ ಆ ಮನೆಯ ಬಾಗಿಲಿಗೆ ಹೋಗುವವರು ಯಾರು? ಅಲ್ಲಿ ಕುಳಿತು ಒಂದು ಪುಟ ಸ್ವಾಧ್ಯಾಯ ಮಾಡುವವರು, ಸತ್ತವರ ಹೆಸರನ್ನು ಅಳುಕಿಲ್ಲದೆ ಎತ್ತಿ ಮಾತನಾಡುವವರು ಯಾರು?

ನೊನ್ನಸನ ಕಾವ್ಯದಲ್ಲಿ ಐಯೋನನು ಕೇಳಿದ ಪ್ರಶ್ನೆ ಸಾಚಾ ಆದುದು. ಸ್ಯೂಸನು ಕೊಟ್ಟ ಉತ್ತರ ಸಾಲದೆಂಬುದನ್ನು ಕಾವ್ಯವೇ ತೋರಿಸಿಕೊಟ್ಟಿದೆ. ಅಂಪೆಲೋಸನ ಕಥೆಯನ್ನು ಓದುವವರು ಆ ಬಳ್ಳಿಯ ಚೆಲುವನ್ನು ಮೆಚ್ಚಲಿ. ಅದರ ಬುಡದಲ್ಲಿ ಬಿದ್ದಿರುವ ಹುಡುಗನನ್ನು ಮಾತ್ರ ಮರೆಯದಿರಲಿ.